ಹಳೆಯ ಚಿತ್ರಗಳ ಚಕಮಕಿ ಕೋವಿಗೆ ಬುಡದಲ್ಲಿ ಮುಚ್ಚಳವೇಕೆ?

ಪ್ರಶ್ನೆ

ಮಾನ್ಯರೇ, 18ನೆಯ ಶತಮಾನದ ಕಾಳಗಗಳನ್ನು ತೋರಿಸುವ ಹಳೆಯ ಹಾಲಿವುಡ್ ಚಿತ್ರಗಳನ್ನು ನೋಡುವಾಗ ಒಂದು ಸಂಶಯ ನನ್ನನ್ನು ಬಿಡದೆ ಕಾಡುತ್ತಿದೆ. ಸೈನಿಕರ ಕೈಯಲ್ಲಿರುವುದು ಚಕಮಕಿ ಕಲ್ಲಿನ ಕೋವಿಯೇ. ಕುದುರೆಯ, ಅಂದರೆ ಬಿಲ್ಲೊತ್ತಿದಾಗ ಬಂದು ಬಡಿದು ಕಿಡಿ ಹಾರಿಸುವ ಕೊಕ್ಕೆಯ, ಬಾಯಲ್ಲಿ ಕಲ್ಲೂ ಇದೆ. ಆದರೆ ಈಡು ಹಾರಿದಾಗ ಪಕ್ಕದ ಮದ್ದಿನ ಬಟ್ಟಲಿನಿಂದ ಕಿಡಿಯಾಗಲಿ ಹೊಗೆಯಾಗಲಿ ಏಳುವುದಿಲ್ಲ, ನಳಿಗೆಯ ಬಾಯಿಂದ ಮಾತ್ರ ಹೊಗೆ ಬರುತ್ತದೆ. ಒಂದು ದೃಶ್ಯವನ್ನು ನಿಲ್ಲಿಸಿ ನೋಡಿದಾಗ ನಳಿಗೆಯ ಬುಡದಲ್ಲಿ ಕೀಲಿರುವ ಮುಚ್ಚಳದಂತಹದ್ದೊಂದು ಕಂಡಿತು. ಬಾಯಿಂದ ಮದ್ದು ತುಂಬುವ ಕೋವಿಗೆ ಅದರ ಅಗತ್ಯವೇನು?

ಉತ್ತರ 1

ತಾವು ಕಂಡದ್ದು ಬಹುಮಟ್ಟಿಗೆ ವೇಷ ಹಾಕಿದ ಸ್ಪ್ರಿಂಗ್‌ಫೀಲ್ಡ್ 1873 ಮಾದರಿಯ ರೈಫಲ್. ಆ ಮುಚ್ಚಳದಿಂದಲೇ ಅದಕ್ಕೆ 'ಟ್ರ್ಯಾಪ್‌ಡೋರ್' ಎಂಬ ಅಡ್ಡಹೆಸರು ಬಂದಿದೆ. ಮುಚ್ಚಳವನ್ನು ಮುಂದಕ್ಕೆ ಮಗುಚಿ, .45-70 ತೋಟಾ ಇಟ್ಟು ಮುಚ್ಚಿದರೆ ಕೋವಿ ಸಿದ್ಧ. ಆ ಹೆಸರಿನಲ್ಲಿ .45 ಎಂಬುದು ಅಂಗುಲದಲ್ಲಿ ಗುಂಡಿನ ಅಳತೆ, 70 ಎಂಬುದು ಗ್ರೇನ್ ಲೆಕ್ಕದಲ್ಲಿ ಕರಿಮದ್ದಿನ ತೂಕ. 1892ರಲ್ಲಿ ಅಮೆರಿಕದ ಸೇನೆ ಕ್ರಾಗ್ ರೈಫಲ್ಲನ್ನು ಒಪ್ಪಿಕೊಂಡ ಮೇಲೆ ಇವು ಹಳೆಯ ಸರಕಾಗಿ ವ್ಯಾಪಾರಿಗಳ ಕೈಸೇರಿ ಅಗ್ಗಕ್ಕೆ ಮಾರಾಟವಾದವು. ಚಿತ್ರೀಕರಣಕ್ಕೆ ಆಯುಧ ಒದಗಿಸುವವರು ಅವುಗಳಿಗೆ ಕಲ್ಲು ಕಚ್ಚಿದ ಕುದುರೆಯನ್ನೂ ತೋರಿಕೆಯ ಬಟ್ಟಲನ್ನೂ ಜೋಡಿಸಿ ನೂರು ವರ್ಷ ಹಿಂದಿನ ಕೋವಿಗಳನ್ನಾಗಿ ಮಾಡಿದರು.

ಇದರಲ್ಲೊಂದು ತಮಾಷೆಯಿದೆ. ಅಮೆರಿಕದ ಅಂತರ್ಯುದ್ಧ ಮುಗಿದ 1865ರ ಹೊತ್ತಿಗೆ, ರಾಶಿ ಬಿದ್ದಿದ್ದ ಬಾಯಿತುಂಬುವ ಕೋವಿಗಳನ್ನು ಬಿಸಾಡುವ ಬದಲು ತೋಟಾಕೋವಿಗಳನ್ನಾಗಿ ಮಾರ್ಪಡಿಸಲೆಂದೇ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ಎರ್ಸ್ಕಿನ್ ಆಲಿನ್ ಈ ಮುಚ್ಚಳವನ್ನು ರೂಪಿಸಿದ್ದರು. ಸಿನಿಮಾದವರು ಅದೇ ವಂಶದ ಕೋವಿಯನ್ನು ಮತ್ತೆ ಬಾಯಿತುಂಬುವ ಕೋವಿಯೆಂದು ನಂಬಿಸಿದರು.

ಉತ್ತರ 2

ಅಗ್ಗವೆಂಬುದೊಂದೇ ಕಾರಣವಲ್ಲವೆಂದು ನನಗನ್ನಿಸುತ್ತದೆ. ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ, ಪರವಾನಗಿಯುಳ್ಳ ಕೇಪಿನ (ಬಡಿದರೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೊಪ್ಪಿಗೆಯ) ಕೋವಿಯೊಂದಿತ್ತು. ಅಳತೆಯ ಮದ್ದು ಸುರಿದು, ತೆಂಗಿನ ಕತ್ತ ತುರುಕಿ, ಗಜದಿಂದ (ಮದ್ದು ಜಡಿಯುವ ಉದ್ದ ಸರಳಿನಿಂದ) ಜಡಿದು, ಚರೆ ಹಾಕಿ, ಮತ್ತೆ ಕತ್ತವಿಟ್ಟು ಜಡಿದು, ಕೊನೆಗೆ ಕೇಪು ಕೂರಿಸುವಷ್ಟರಲ್ಲಿ ಹಂದಿ ಗುಡ್ಡ ದಾಟಿರುತ್ತಿತ್ತು. ಗಜವನ್ನು ಕೈಬಿಟ್ಟಾಗ ಅದು ಟಣ್ಣೆಂದು ಮೇಲಕ್ಕೆ ಪುಟಿದರೆ ಮಾತ್ರ ಮದ್ದು ಗಟ್ಟಿಯಾಗಿ ಕೂತಿದೆಯೆಂದು ಅಜ್ಜ ಒಪ್ಪುತ್ತಿದ್ದರು. ಈ ಕೆಲಸವನ್ನು ಐವತ್ತು ಮಂದಿ ಸಹನಟರಿಂದ, ಪ್ರತಿ ಟೇಕಿಗೂ, ಬಿಡಿ ಮದ್ದು ಕೈಗೆ ಕೊಟ್ಟು ಮಾಡಿಸುವುದನ್ನು ಊಹಿಸಿ ನೋಡಿ. ಹಿಂದಿನ ಈಡಿನ ಕೆಂಡ ನಳಿಗೆಯಲ್ಲಿ ಉಳಿದಿದ್ದರೆ ಸುರಿಯುತ್ತಿರುವ ಮದ್ದೇ ಹೊತ್ತಿಕೊಳ್ಳುತ್ತದೆ. ಗುಂಡಿಲ್ಲದ ತೋಟಾ ಇಟ್ಟು ಮುಚ್ಚಳ ಹಾಕುವುದು ಎಷ್ಟೋ ವಾಸಿ.

ಉತ್ತರ 3

ಹಿರಿಯರ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ. ಬುಡ ತೆರೆಯುವ ಕೋವಿಯಲ್ಲಿ ನಳಿಗೆಯ ಈ ತುದಿಯಿಂದ ಆ ತುದಿಗೆ ಬೆಳಕು ಹಾಯುತ್ತದೆಯೇ ಎಂದು ಕಣ್ಣಾರೆ ನೋಡಬಹುದು. ಬುಡ ಮುಚ್ಚಿರುವ ಬಾಯಿತುಂಬುವ ಕೋವಿಯಲ್ಲಿ ಅದು ಸಾಧ್ಯವಿಲ್ಲ. ಇದು ಸಣ್ಣ ಅನುಕೂಲವೇನಲ್ಲ. 1993ರಲ್ಲಿ ನಟ ಬ್ರ್ಯಾಂಡನ್ ಲೀ ಚಿತ್ರೀಕರಣದಲ್ಲೇ ಸತ್ತದ್ದು, ರಿವಾಲ್ವರಿನ ನಳಿಗೆಯಲ್ಲಿ ಮೊದಲೇ ಸಿಕ್ಕಿಕೊಂಡಿದ್ದ ಗುಂಡನ್ನು ಯಾರೂ ಗಮನಿಸದೆ ಹಿಂದಿನಿಂದ ಗುಂಡಿಲ್ಲದ ತೋಟಾ ಹಾರಿಸಿದ್ದರಿಂದ.

ವೇಷವನ್ನು ಗುರುತಿಸಲು ಮುಚ್ಚಳ ಕಾಣಲೇಬೇಕೆಂದಿಲ್ಲ. ಸ್ಪ್ರಿಂಗ್‌ಫೀಲ್ಡಿನ ನಳಿಗೆಯನ್ನು ಮರಕ್ಕೆ ಬಿಗಿಯುವುದು ಎರಡು ಲೋಹದ ಪಟ್ಟಿಗಳು. ಬ್ರಿಟಿಷರ 'ಬ್ರೌನ್ ಬೆಸ್' ಕೋವಿಗೆ ಅಂತಹ ಪಟ್ಟಿಯಿಲ್ಲ, ಅದರ ನಳಿಗೆ ಅಡ್ಡಮೊಳೆಗಳಿಂದ ಕೂತಿರುತ್ತದೆ. ಈಸ್ಟ್ ಇಂಡಿಯಾ ಕಂಪನಿಗಾಗಿ ತಯಾರಾಗಿ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ವೇಳೆಗೆ ಬಳಕೆಯಲ್ಲಿದ್ದ ಅದರ 'ಇಂಡಿಯಾ ಪ್ಯಾಟರ್ನ್' ಮಾದರಿಯ ನಳಿಗೆ 39 ಅಂಗುಲ. ಸ್ಪ್ರಿಂಗ್‌ಫೀಲ್ಡಿನದು 33ಕ್ಕೂ ತುಸು ಕಡಿಮೆ. ಆ ಮುತ್ತಿಗೆಯ ಮೇಲೆ ನಮ್ಮಲ್ಲಿ ಚಿತ್ರ ತೆಗೆಯುವವರು ಕನಿಷ್ಠ ಈ ಉದ್ದವನ್ನಾದರೂ ಗಮನಿಸಲಿ ಎಂಬುದು ನನ್ನ ಆಸೆ.

ಮೇಲೆ ಜೋಡಿಸಿದ ವೇಷದ ಬಗ್ಗೆ ನನ್ನ ತಕರಾರಿಲ್ಲ, ಕತ್ತರಿಸುವುದರ ಬಗ್ಗೆ ಇದೆ. 1977ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಜಾವಾ ಎಂಬ ಕುಳ್ಳರ ಕೈಯಲ್ಲಿರುವ ಆಯುಧ, ಮೊಟಕುಗೊಳಿಸಿದ ಲೀ-ಎನ್‌ಫೀಲ್ಡ್ ರೈಫಲ್ಲಿನ ತುದಿಗೆ ಗ್ರನೇಡ್ ಹಾರಿಸುವ ಬಟ್ಟಲನ್ನು ಸೇರಿಸಿದ್ದು. ಕಣ್ಣಿಗೆ ಸೊಗಸಾಗಿದೆ, ನಿಜ. ಕತ್ತರಿಸಿದ ನಳಿಗೆ ಮಾತ್ರ ಮತ್ತೆ ಬೆಳೆಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅದೇ ದೃಶ್ಯವನ್ನು ಮತ್ತೊಮ್ಮೆ ನಿಲ್ಲಿಸಿ ನೋಡಿದೆ. ಎರಡು ಪಟ್ಟಿಗಳು ಸ್ಪಷ್ಟವಾಗಿ ಕಂಡವು. ಮುಂದಿನ ಸಾಲಿನ ನಟನೊಬ್ಬ ಬಹಳ ಶ್ರದ್ಧೆಯಿಂದ ಗಜ ಜಡಿಯುತ್ತಿದ್ದರೆ, ಅವನ ಹಿಂದೆ ನಿಂತವನು ತಲೆ ತಗ್ಗಿಸಿ, ಹೆಬ್ಬೆರಳಿನಿಂದ ಮುಚ್ಚಳವನ್ನು ಒತ್ತಿ ಮುಚ್ಚುತ್ತಿದ್ದ.