ಬೆನ್ನಿನ ಸ್ಟಿಮ್ಯುಲೇಟರ್ ಗುಣ ಕಡಿಮೆಯಾಗಿದೆಯೇ? ಕೇಳಿ

ವೈದ್ಯೆ: ನಾನು ನೋವು ಚಿಕಿತ್ಸೆಯ ವೈದ್ಯೆ. ಬೆನ್ನುಹುರಿಗೆ ಸ್ಟಿಮ್ಯುಲೇಟರ್ (ಚರ್ಮದಡಿಯ ಬ್ಯಾಟರಿಯಿಂದ ವೈರ್ ಮೂಲಕ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಮಿಷನ್) ಹಾಕಿಸಿಕೊಂಡವರು ಪ್ರಶ್ನೆ ಹಾಕಿ. ಯಾವ ವರ್ಷ ಹಾಕಿಸಿದ್ದು, ಮೊದಲು ಎಷ್ಟು ಆರಾಮ ಇತ್ತು, ಈಗ ಎಷ್ಟು ಎಂದು ಬರೆಯಿರಿ.

ದಾವಣಗೆರೆ ಸದಸ್ಯ: ಮೇಡಂ ನಮಸ್ಕಾರ. ಹಾಕಿಸಿ ಮೂರು ವರ್ಷ. ಮೊದಲು ಮುಕ್ಕಾಲು ಪಾಲು ನೋವು ಇರಲಿಲ್ಲ. ಈಗ ರಿಮೋಟಿನಲ್ಲಿ ಎಷ್ಟು ಏರಿಸಿದರೂ ಕಾಲು ಭಾಗವೂ ಇಳಿಯಲ್ಲ. ಮಿಷನ್ ಹಾಳಾಯ್ತಾ?

ವೈದ್ಯೆ: ಹಾಳಾಗಿದೆ ಎಂದು ಈಗಲೇ ಹೇಳಲಾಗದು. ನರಗಳು ಒಂದೇ ತರಹದ ಕರೆಂಟಿಗೆ ಒಗ್ಗಿಹೋಗುತ್ತವೆ. ವೈರಿನ ತುದಿಯ ಸುತ್ತ ಗಾಯದ ಪದರ ಬೆಳೆದರೂ ಹೀಗಾಗುತ್ತದೆ. ಮೊದಲು ಇಂಪೀಡೆನ್ಸ್ (ವೈರಿನಲ್ಲಿ ಕರೆಂಟಿಗೆ ಇರುವ ತಡೆ) ನೋಡಿಸಿ, ಎಕ್ಸ್‌ರೇ ತೆಗೆಸಿ ಹಳೆಯದರ ಜೊತೆ ಹೋಲಿಸಿ. ವೈರ್ ಸರಿಯಿದ್ದರೆ ಪ್ರೋಗ್ರಾಮ್ ಬದಲಿಸಬಹುದು. ನಿಮ್ಮ ಮಾದರಿಯಲ್ಲಿ ಇದ್ದರೆ ಬರ್ಸ್ಟ್ (ಕರೆಂಟನ್ನು ಗುಂಪು ಗುಂಪಾಗಿ ಕೊಡುವುದು) ಅಥವಾ ಹೈ ಫ್ರೀಕ್ವೆನ್ಸಿ (ಬಹಳ ವೇಗವಾಗಿ ಕೊಡುವುದು). ಕೆಲವರಿಗೆ ಕೆಲವು ವಾರ ಪೂರ್ತಿ ಆಫ್ ಇಟ್ಟು ಮತ್ತೆ ಶುರು ಮಾಡಿದಾಗ ಗುಣ ಮರಳಿದೆ. ನಿಮ್ಮ ವೈದ್ಯರನ್ನು ಕೇಳಿ ಮಾಡಿ.

ಹುಬ್ಬಳ್ಳಿ ಸದಸ್ಯ: ನನಗೂ ಹಂಗೇ ಆಗೇತ್ರಿ ಮೇಡಂ, ಏನ್ ಮಾಡ್ಲಿ?

ವೈದ್ಯೆ: ಮೇಲೆ ಬರೆದಿದ್ದೇನೆ.

ಶಿವಮೊಗ್ಗ ಸದಸ್ಯೆ: ನಮ್ಮ ಯಜಮಾನರಿಗೆ ಹಾಕಿಸಿ ನಾಲ್ಕು ವರ್ಷ. ಮೊದಲು ಎಡಗಾಲಲ್ಲಿ ಜುಮ್ ಅನ್ನುತ್ತಿತ್ತು, ನೋವು ಇರ್ತಿರಲಿಲ್ಲ. ಮೂರು ವಾರದಿಂದ ಜುಮ್ ಅನ್ನೋದು ಪಕ್ಕೆಗೆ ಬಂದಿದೆ. ನಡೆಯುವಾಗ ಚಪ್ಪಲಿ ಬಿಟ್ಟುಹೋದರೂ ಅವರಿಗೆ ಗೊತ್ತಾಗಲ್ಲ. ನಿನ್ನೆಯಿಂದ ಮೂತ್ರಕ್ಕೆ ಹೋದರೆ ತುಂಬಾ ಹೊತ್ತು ಕಾಯಬೇಕು. ಚಾರ್ಜ್ ಸಮಸ್ಯೆಯಾ?

ವೈದ್ಯೆ: ಅಮ್ಮಾ, ಇದು ಚಾರ್ಜ್ ಸಮಸ್ಯೆಯಲ್ಲ. ಜುಮ್ ಪಕ್ಕೆಗೆ ಬಂದಿದ್ದರೆ ವೈರ್ ಪಕ್ಕಕ್ಕೆ ಸರಿದು ಅಲ್ಲಿನ ನರ ಮುಟ್ಟುತ್ತಿರಬಹುದು. ಅಷ್ಟೇ ಆಗಿದ್ದರೆ ಸೋಮವಾರದವರೆಗೆ ಕಾಯಿರಿ ಅನ್ನುತ್ತಿದ್ದೆ. ಚಪ್ಪಲಿ ಜಾರಿದ್ದು ತಿಳಿಯದಿರುವುದು, ಮೂತ್ರ ಕಟ್ಟುವುದು ಬೆನ್ನುಹುರಿಯೇ ಒತ್ತಿಹೋಗುತ್ತಿರುವ ಲಕ್ಷಣ ಇರಬಹುದು. ಕಾರಣ ಜಾರಿದ ಡಿಸ್ಕ್ ಇರಬಹುದು, ವೈರಿನ ಸುತ್ತ ಬೆಳೆದ ಗಾಯದ ಗಂಟಿರಬಹುದು, ಜ್ವರವಿದ್ದರೆ ಕೀವು. ಇವತ್ತೇ ನ್ಯೂರೋಸರ್ಜನ್ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ರಿಮೋಟ್, ಇಂಪ್ಲಾಂಟ್ ಕಾರ್ಡ್ (ಮಿಷನ್ ಮಾದರಿಯ ವಿವರವಿರುವ ಕಾರ್ಡ್), ಹಳೆಯ ಎಕ್ಸ್‌ರೇ ಮೂರೂ ಬೇಕು. ಎಂಆರ್‌ಐಗೆ ಮೊದಲು ಕಾರ್ಡ್ ತೋರಿಸಲೇಬೇಕು. ಮಾದರಿ ಎಂಆರ್‌ಐಗೆ ಒಪ್ಪಿದರೂ ವೈರ್ ಮುರಿದಿದ್ದರೆ ತುದಿ ಬಿಸಿಯಾಗುವ ಅಪಾಯವಿದೆ. ಎಂಆರ್‌ಐ ಆಗದಿದ್ದರೆ ಸಿಟಿ ಮೈಲೋಗ್ರಾಮ್ (ಬೆನ್ನುಹುರಿಯ ಸುತ್ತ ಡೈ ಕೊಟ್ಟು ತೆಗೆಯುವ ಸಿಟಿ ಸ್ಕ್ಯಾನ್) ಎಂಬ ದಾರಿ ಇದೆ, ಅಲ್ಲಿನವರನ್ನು ಕೇಳಿ. ಜ್ವರ ಇದೆಯಾ? ತಕ್ಷಣ ತಿಳಿಸಿ.

ತುಮಕೂರು ಸದಸ್ಯ: ಫಾರ್ವರ್ಡ್: ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕಾಯಿಸಿ, ಬ್ಯಾಟರಿ ಇರುವ ಜಾಗಕ್ಕೆ ಕಟ್ಟಿ. ಜೊತೆಗೆ ಮ್ಯಾಗ್ನೆಟ್ ಬೆಲ್ಟ್. 7 ದಿನದಲ್ಲಿ ನೋವು ಮಾಯ. ಎಲ್ಲರಿಗೂ ಹಂಚಿ.

ವೈದ್ಯೆ: ಇದನ್ನು ಅಳಿಸಿ. ಎಕ್ಕದ ಹಾಲಿಗೆ ಚರ್ಮ ಬೊಬ್ಬೆ ಬರುತ್ತದೆ. ಬ್ಯಾಟರಿ ಜಾಗದಲ್ಲಿ ಸೋಂಕಾದರೆ ಅದು ವೈರ್ ಹಿಡಿದು ಬೆನ್ನಿನವರೆಗೆ ಹೋಗಬಹುದು, ಆಮೇಲೆ ಎಲ್ಲವನ್ನೂ ತೆಗೆಯಬೇಕಾಗಬಹುದು. ಅಯಸ್ಕಾಂತದಿಂದ ಕೆಲವು ಮಿಷನ್ ಆನ್ ಆಫ್ ಆಗಿಬಿಡುತ್ತವೆ. ಫಿಜಿಯೋಥೆರಪಿಯಲ್ಲಿ ಡಯಾಥರ್ಮಿ (ವಿದ್ಯುತ್ ತರಂಗದಿಂದ ಒಳಗೆ ಶಾಖ ಕೊಡುವುದು) ಮಾಡುತ್ತೇವೆ ಎಂದರೆ ಮಲಗಲೇಬೇಡಿ, ಮಿಷನ್ ಆಫ್ ಇದ್ದರೂ ಬೇಡ.

ತುಮಕೂರು ಸದಸ್ಯ: ನಿಮ್ಮದು ಲಕ್ಷಗಟ್ಟಲೆ. ಎಲೆ ಪುಕ್ಕಟೆ. ಅದಕ್ಕೇ ಸಿಟ್ಟು.

ಉಡುಪಿ ಸದಸ್ಯೆ: ಸ್ವಾಮಿ, ನಮ್ಮ ಅಮ್ಮನ ಮಿಷನ್ ಸೋಂಕಾಗಿ ತೆಗೆಸಿದ್ದೇವೆ. ಒಂದೂವರೆ ತಿಂಗಳು ಆಂಟಿಬಯೋಟಿಕ್. ಪುಕ್ಕಟೆ ಅಂತ ಹೇಳುವ ಮೊದಲು ಅದನ್ನು ಅನುಭವಿಸಿ ನೋಡಿ.

ತುಮಕೂರು ಸದಸ್ಯ: ನಿಮ್ಮನ್ನು ಯಾರು ಕೇಳಿದ್ರು?

ಮೈಸೂರು ಸದಸ್ಯ: ಬ್ಯಾಟರಿ ಬದಲಿಸಲು ಇನ್ಶೂರೆನ್ಸ್ ಸಿಗುತ್ತಾ ಮೇಡಂ?

ದಾವಣಗೆರೆ ಸದಸ್ಯ: ಎಕ್ಸ್‌ರೇ ಹಳೆಯದು ಕಳೆದಿದೆ, ಪರವಾಗಿಲ್ವಾ? ಅಡ್ಮಿನ್, ಈ ಜಗಳ ನಿಲ್ಲಿಸ್ರಿ.

ಬಳ್ಳಾರಿ ಸದಸ್ಯ: ಗುಣ ಕಡಿಮೆಯಾದರೆ ಏನು ಮಾಡಬೇಕು?

ವೈದ್ಯೆ: ಮತ್ತೆ ಮತ್ತೆ ಬರೆಯಲಾರೆ. ಮೇಲೆ ಓದಿ. ಶಿವಮೊಗ್ಗದವರೇ, ಹೊರಟಿರಾ?

ಶಿವಮೊಗ್ಗ ಸದಸ್ಯೆ: ಆಟೋದಲ್ಲಿದ್ದೇವೆ. ಜ್ವರ ಇಲ್ಲ. ಕಾರ್ಡ್ ಸಿಕ್ಕಿತು, ಎಕ್ಸ್‌ರೇ ನನ್ನ ತಮ್ಮ ತರ್ತಿದ್ದಾನೆ.

ವೈದ್ಯೆ: ಒಳ್ಳೆಯದು. ಬಾಗಿಲಲ್ಲೇ ಮೂತ್ರದ ವಿಷಯ ಮೊದಲು ಹೇಳಿ.

ಮೈಸೂರು ಸದಸ್ಯ: ಮೇಡಂ, ಇನ್ಶೂರೆನ್ಸ್?