ಅಪ್‌ಡೇಟ್: ವಾದವನ್ನು ದುರ್ಬಲ ಮಾಡುವ ಆಯ್ಕೆ ಯಾವುದು? (ಜಿಮ್ಯಾಟ್)

ಎಂಬಿಎಗೆ ಸೇರಲು ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಒಂದು ಚಿಕ್ಕ ವಾದ ಕೊಟ್ಟು, ಅದನ್ನು ದುರ್ಬಲ ಮಾಡುವ ಆಯ್ಕೆ ಯಾವುದು ಅಂತ ಕೇಳುತ್ತಾರೆ. ಅಂಥ ಪ್ರಶ್ನೆಯಲ್ಲಿ ಕೊನೆಗೆ ಎರಡು ಆಯ್ಕೆ ಉಳಿದಾಗ ಸರಿಯಾದದ್ದನ್ನು ಹೇಗೆ ಹಿಡಿಯೋದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಜಕ್ಕೂ ಕೆಲಸಕ್ಕೆ ಬಂತು.

ಈಗ ಆಯ್ಕೆಗಳನ್ನು ನೋಡುವ ಮೊದಲೇ ತೀರ್ಮಾನ ಯಾವುದು, ಅದಕ್ಕೆ ಕೊಟ್ಟ ಕಾರಣ ಯಾವುದು ಅಂತ ಬೇರೆ ಮಾಡಿಕೊಳ್ಳುತ್ತೇನೆ. ಒಂದು ಉದಾಹರಣೆ ನೋಡಿ. ಸರ್ಕಲ್‌ನಲ್ಲಿ ಕ್ಯಾಮೆರಾ ಹಾಕಿದರು, ಆಮೇಲೆ ಅಪಘಾತ ಕಡಿಮೆಯಾಯಿತು, ಹಾಗಾಗಿ ಕ್ಯಾಮೆರಾದಿಂದಲೇ ಕಡಿಮೆಯಾಯಿತು ಅನ್ನೋದು ವಾದ. 'ಕ್ಯಾಮೆರಾಗೆ ಖರ್ಚು ಜಾಸ್ತಿ' ಅನ್ನೋ ಆಯ್ಕೆ ಯೋಜನೆಯನ್ನು ಬೈದ ಹಾಗೆ ಕಾಣುತ್ತೆ, ಆದರೆ ತೀರ್ಮಾನವನ್ನು ಮುಟ್ಟೋದೇ ಇಲ್ಲ. 'ಅದೇ ಸಮಯಕ್ಕೆ ಬೈಪಾಸ್ ಶುರುವಾಗಿ ಆ ಸರ್ಕಲ್‌ನಲ್ಲಿ ಗಾಡಿಗಳೇ ಅರ್ಧದಷ್ಟಾದವು' ಅಂದರೆ ಬೇರೆ ಕಾರಣ ಸಿಕ್ಕಿತು, ವಾದ ಅಲುಗಾಡಿತು. ಪೂರ್ತಿ ಬೀಳಬೇಕಿಲ್ಲ, ನಂಬಿಕೆ ಸ್ವಲ್ಪ ಕಡಿಮೆಯಾದರೂ ಸಾಕು. ಈ ಮಾತು ಹೇಳಿದವರಿಗೆ ವಿಶೇಷ ಧನ್ಯವಾದ, ಯಾಕಂದ್ರೆ ಅಲ್ಲಿಂದಲೇ ನನಗೆ ಎಲ್ಲ ತಿಳಿಯಾಯಿತು.

ಇನ್ನೊಂದು, ಆಯ್ಕೆಯಲ್ಲಿ ಹೇಳಿದ್ದು ನಿಜಾನಾ ಅಂತ ಯೋಚಿಸೋದೇ ಬೇಡ. ಪ್ರಶ್ನೆಯೇ 'ಇದು ನಿಜವಾದರೆ' ಅಂತ ಹೇಳಿರುತ್ತೆ ಅಲ್ವಾ, ಹಾಗಾಗಿ ಅದನ್ನು ಒಪ್ಪಿಕೊಂಡು ತೀರ್ಮಾನ ಏನಾಗುತ್ತೆ ಅಂತ ಮಾತ್ರ ನೋಡಬೇಕು.

ಈಗಿನ ಪರೀಕ್ಷೆಯಲ್ಲಿ ವರ್ಬಲ್‌ಗೆ (ಇಂಥ ವಾದದ ಪ್ರಶ್ನೆಗಳು ಬರುವ ವಿಭಾಗ) 45 ನಿಮಿಷ, 23 ಪ್ರಶ್ನೆ. ಒಂದಕ್ಕೆ ಎರಡು ನಿಮಿಷವೂ ಪೂರ್ತಿ ಸಿಗಲ್ಲ. ಆದರೂ ಮೊದಲು ತೀರ್ಮಾನ ಹುಡುಕಲು ಕೊಡುವ ಸಮಯ ವ್ಯರ್ಥವಲ್ಲ, ಆಯ್ಕೆಗಳನ್ನು ಮತ್ತೆ ಮತ್ತೆ ಓದೋದು ತಪ್ಪುತ್ತೆ.

ಮುಂದೆ ಶೇಕಡಾವಾರು ಅಂಕಿ ಇರುವ ವಾದಗಳನ್ನು ಅಭ್ಯಾಸ ಮಾಡುತ್ತಿದ್ದೇನೆ. ಒಳ್ಳೆಯ ಪ್ರಶ್ನೆ ಇದ್ದರೆ ಕಳಿಸಿ.