ಡೈವೋರ್ಸ್ ವಿಷಯ ಮಗಳಿಗೆ ಹೆಂಗೆ ಹೇಳೋದು? ಅನುಭವ ಇದ್ದೋರು ಹೇಳ್ರಿ

ನಿಟ್ಟುವಳ್ಳಿ ಅಮ್ಮ: ಇಬ್ರೂ ಒಪ್ಪಿ ಮ್ಯೂಚುವಲ್ ಡೈವೋರ್ಸ್‌ಗೆ ಅರ್ಜಿ ಹಾಕಿದೀವಿ. ಮಗಳು ಮೂರನೇ ಕ್ಲಾಸು, ಈಗ ಮತ್ತೆ ಹಾಸಿಗೆ ಒದ್ದೆ ಮಾಡ್ಕೊಳ್ತಾಳೆ. ಅಪ್ಪಂಗೆ ಬೆಂಗಳೂರಲ್ಲಿ ಡ್ಯೂಟಿ ಅಂತ ಹೇಳಿದೀನಿ. ನಿಜ ಯಾವಾಗ ಹೇಳ್ಲಿ?

ದುರ್ಗದ ಅಪ್ಪ: ಮ್ಯೂಚುವಲ್ ಅಂದ್ರೆ ನೀವು ಪುಣ್ಯವಂತರು. ನಂದು ಕಂಟೆಸ್ಟು, ಒಬ್ರು ಒಪ್ಪದೆ ಕೋರ್ಟಲ್ಲಿ ಹೊಡೆದಾಡೋದು. ವಕೀಲ್ರಿಗೆ ಮೊದ್ಲೇ 40,000, ಆಮೇಲೆ ವಾಯ್ದೆಗೆ 1,500. ಜಡ್ಜ್ ರಜ ಇದ್ರೂ 1,500. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ ಅಂತ 1956ರ ಹಿಂದೂ ಗಾರ್ಡಿಯನ್‌ಶಿಪ್ ಕಾಯ್ದೆಲೇ ಐತೆ, ಸರಿ, ಐದು ತುಂಬ್ಲಿ ಅಂತ ಕಾದೆ. ತುಂಬಿದ ಮೇಲೆ ಕೋರ್ಟಲ್ಲಿ "ಮಗು ಅಲ್ಲೇ ಒಗ್ಗಿದೆ" ಅಂದ್ರು! ಈಗ ತಿಂಗಳಿಗೆರಡು ಭಾನುವಾರ, ದಾವಣಗೆರೆ ಗಾಜಿನ ಮನೆ ಹತ್ರ, ಎರಡು ತಾಸು. ಅವರಜ್ಜಿ ಬೆಂಚಲ್ಲಿ ಕೂತು ಗಡಿಯಾರ ನೋಡ್ತಿರ್ತಾರೆ. ಬಸ್ ಲೇಟಾದ್ರೆ ಅದೂ ನನ್ನ ಲೆಕ್ಕಕ್ಕೇ. ಭೇಟಿ ದಿನ, ಹಬ್ಬ, ಬೇಸಿಗೆ ರಜ ಎಲ್ಲ ಅರ್ಜೀಲೇ ಬರೆಸ್ಕೊಳ್ರಿ.

ವಿದ್ಯಾನಗರ ಟೀಚರ್: ಅಜ್ಜಿ ಗಡಿಯಾರ ನೋಡಿದ್ದು ಬರೀತೀರಿ, ಜೀವನಾಂಶ ಕಟ್ಟಿದೀರೋ ಇಲ್ವೋ ಅದು ಮಾತ್ರ ಬರಿಯಲ್ಲ. ನನಗೆ 8,000 ಆರ್ಡರ್ ಆಯ್ತು, ಬಂದಿದ್ದು ಚಿಲ್ಲರೆ. ವಸೂಲಿಗೆ ಬೇರೆ ಅರ್ಜಿ, ಅದಕ್ಕೆ ಬೇರೆ ಫೀಸು. ಮಗನಿಗೆ ನಾನೇ ಕೂರಿಸ್ಕೊಂಡು ಹೇಳ್ದೆ, ಅಪ್ಪ ಅಮ್ಮ ಇನ್ಮೇಲೆ ಒಂದೇ ಮನೇಲಿ ಇರಲ್ಲ, ಇದು ನಿನ್ನಿಂದ ಆಗಿದ್ದಲ್ಲ ಅಂತ. ಅವನು ಕೇಳಿದ್ದು ಒಂದೇ, "ನನ್ ಸೈಕಲ್ ಯಾರ ಮನೇಲಿರುತ್ತೆ?" ಆಮೇಲೆ ದಿನಾ ಬೆಳಿಗ್ಗೆ ಹೊಟ್ಟೆನೋವು, ಸ್ಕೂಲ್ ಬೇಡ. ಕೌನ್ಸೆಲರ್ ಹತ್ರ ಒಂದ್ಸಲಕ್ಕೆ 700. ಚಿತ್ರ ಬರೆಸಿದ್ರು, ಅಷ್ಟೇ ಅನ್ಸಿತ್ತು, ಆದ್ರೆ ಹೊಟ್ಟೆನೋವು ಹೋಯ್ತು. ಡ್ಯೂಟಿ ಕಥೆ ಬಿಡಿ, ಸ್ಕೂಲ್ ವ್ಯಾನಲ್ಲಿ ಬೇರೆ ಮಕ್ಕಳೇ ಹೇಳಿಬಿಡ್ತಾರೆ.

ದುರ್ಗದ ಅಪ್ಪ: ನಾನು ಒಂದು ತಿಂಗಳೂ ತಪ್ಪಿಸಿಲ್ಲ ಮೇಡಂ, ಬ್ಯಾಂಕ್ ಸ್ಟೇಟ್‌ಮೆಂಟ್ ಐತೆ. ಎಲ್ಲ ಗಂಡಸ್ರನ್ನೂ ಒಂದೇ ತಕ್ಕಡೀಲಿ ತೂಗ್ಬೇಡ್ರಿ.

ಎಂಸಿಸಿ ಬಿ ಬ್ಲಾಕ್: ಥೇಟ್ ನಮ್ಮನೆ ಜಗಳ. ನಾನು ಡೈವೋರ್ಸ್ ಆದವರ ಮಗಳು. ಜಡ್ಜ್ ಛೇಂಬರಲ್ಲಿ ಕೂರಿಸಿ "ಯಾರ ಹತ್ರ ಇರ್ತೀಯ ಪುಟ್ಟಿ" ಅಂತ ಮೆತ್ತಗೇ ಕೇಳಿದ್ರು. ಹಿಂದಿನ ರಾತ್ರಿ ಅಮ್ಮ ಉತ್ತರ ಬಾಯಿಪಾಠ ಮಾಡ್ಸಿದ್ರು, ಅಪ್ಪ ಫೋನಲ್ಲಿ ವಾಚ್ ಕೊಡಿಸ್ತೀನಿ ಅಂದಿದ್ರು. ಈಗ ಇಬ್ಬರ ಜೊತೆನೂ ಅಷ್ಟಕ್ಕಷ್ಟೇ.

ನಿಟ್ಟುವಳ್ಳಿ ಅಮ್ಮ: ಹಾಸಿಗೆ ವಿಷಯ ಯಾರಾದ್ರೂ ಹೇಳ್ರಪ್ಪ.

ವಿದ್ಯಾನಗರ ಟೀಚರ್: ಮೊದ್ಲು ಮೂತ್ರ ಪರೀಕ್ಷೆ ಮಾಡ್ಸಿ, ಸೋಂಕು, ಸಕ್ಕರೆ ಎರಡಕ್ಕೂ. ಬೈಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಹರಿಹರದೋನು: ಮ್ಯೂಚುವಲ್‌ಗೆ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯೋದೇ ಬೇಡ, 2017ರಲ್ಲೇ ಸುಪ್ರೀಂ ಕೋರ್ಟ್ ಹೇಳೈತೆ.

ದುರ್ಗದ ಅಪ್ಪ: ಮನ್ನಾ ಮಾಡ್ಬಹುದು ಅಂದೈತೆ, ಮಾಡ್ಲೇಬೇಕು ಅಂದಿಲ್ಲ. ಒಂದೂವರೆ ವರ್ಷ ಬೇರೆ ಇದ್ದಿರ್ಬೇಕು, ಮಗು, ಜೀವನಾಂಶ ಎಲ್ಲ ಇತ್ಯರ್ಥ ಆಗಿರ್ಬೇಕು. ಅರ್ಧ ಓದಿ ಹೇಳ್ಬೇಡ್ರಿ.

ಹರಿಹರದೋನು: ನನಗೆ ಮನ್ನಾ ಆಗೈತೆ ಸ್ವಾಮಿ. ನಿಮ್ ವಕೀಲ್ರನ್ನ ಬದಲಾಯಿಸ್ರಿ.

ದುರ್ಗದ ಅಪ್ಪ: ಇನ್ನೊಂದು 40,000 ನೀವು ಕೊಡ್ತೀರಾ?